ರಸ್ತೆ ಹಾಕಿಯ ಪಕ್: ಬಿಲ್ಲೆ ನೋಡಿ ಕೊಳ್ಳಬೇಡಿ, ಕಾಲು ನೋಡಿ ಕೊಳ್ಳಿ

ಮೊದಲೇ ಹೇಳಿಬಿಡುತ್ತೇನೆ. ಡಾಂಬರು ರಸ್ತೆಯಲ್ಲಿ ಹಾಕಿ ಆಡಲು ನಾನು ಬಳಸಿದ ಪಕ್‌ಗಳಲ್ಲಿ (ಪಕ್ ಅಂದರೆ ಚೆಂಡಿನ ಬದಲು ಸ್ಟಿಕ್‌ನಲ್ಲಿ ಹೊಡೆಯುವ ಚಪ್ಪಟೆ ಬಿಲ್ಲೆ) ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನ್ನಿಸಿದ್ದು ಒಂದೇ ಬಗೆಯದು. ಒಳಗೆ ಪೊಳ್ಳಿಲ್ಲದ ಗಟ್ಟಿ ಪಾಲಿಥಿಲೀನ್ ಬಿಲ್ಲೆ, ಎರಡೂ ಮುಖಕ್ಕೆ ಆರಾರು ಗುಂಡು ತಲೆಯ ನೈಲಾನ್ ಕಾಲು, ಸವೆದಾಗ ಆ ಕಾಲುಗಳನ್ನಷ್ಟೇ ಕಿತ್ತು ಹೊಸದನ್ನು ಕೂರಿಸಬಹುದು. ಒಂದೇ ಸಾಲಿನಲ್ಲಿ ಚಕ್ರ ಇರುವ ಇನ್‌ಲೈನ್ ಸ್ಕೇಟ್ ಕಟ್ಟಿಕೊಂಡೂ ಆಡಿದ್ದೇನೆ, ಬರೀ ಶೂನಲ್ಲೂ ಆಡಿದ್ದೇನೆ, ಎರಡಕ್ಕೂ ಸರಿಹೋಗುತ್ತದೆ. 5ಕ್ಕೆ 4 ಅಂಕ. ಆ ಒಂದು ಅಂಕ ಯಾಕೆ ಹೋಯಿತು ಅನ್ನೋದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮುಂಚೆ ರಸ್ತೆ ಒಂದು ಪಕ್ಕನ್ನು ಏನು ಮಾಡಿಹಾಕುತ್ತದೆ ಅಂತ ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಒಂದು ಪ್ಲಾಸ್ಟಿಕ್ ಬಿಲ್ಲೆಗೆ ಇಷ್ಟು ಕೊಡಬೇಕಾ ಅಂತ ಅನ್ನಿಸುವುದು ಸಹಜ.

ಹುಲ್ಲಿನ ಮೇಲೆ ಚೆಂಡಿನಲ್ಲಿ ಆಡುವ ಹಾಕಿ ಬೇರೆ, ನಾನು ಹೇಳುತ್ತಿರುವುದು ಐಸ್ ಹಾಕಿಯನ್ನು ರಸ್ತೆಗೆ ಇಳಿಸಿದ ಆಟ. ಐಸ್ ಹಾಕಿಯ ಪಕ್ ಅಂದರೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿಮಾಡಿದ ರಬ್ಬರ್. ಅಡ್ಡಳತೆ 3 ಇಂಚು, ದಪ್ಪ 1 ಇಂಚು, ತೂಕ ಸುಮಾರು 156ರಿಂದ 170 ಗ್ರಾಂ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಪಂದ್ಯಕ್ಕೆ ಮುಂಚೆ ಅದನ್ನು ಫ್ರೀಜರ್‌ನಲ್ಲಿಟ್ಟು ತಣ್ಣಗೆ ಮಾಡುತ್ತಾರೆ, ಪುಟಿಯುವುದು ಕಡಿಮೆಯಾಗಲಿ ಅಂತ. ನುಣುಪಾದ ಐಸ್ ಮೇಲೇ ರಬ್ಬರ್ ಪುಟಿಯುವುದಕ್ಕೆ ಇಷ್ಟು ಹೆದರುತ್ತಾರೆ ಅಂದಮೇಲೆ ಜಲ್ಲಿ ಎದ್ದ ರಸ್ತೆಯಲ್ಲಿ ಅದರ ಪಾಡು ಏನು ಅಂತ ಯೋಚನೆ ಮಾಡಿ. ಅದೂ ಬಿಸಿಲಲ್ಲಿ ಮೆತ್ತಗಾದ ರಬ್ಬರ್. ಹೊಡೆದ ತಕ್ಷಣ ಎರಡು ಸಲ ಕುಪ್ಪಳಿಸಿ, ಅಂಚಿನ ಮೇಲೆ ನಿಂತು, ಸುತ್ತು ಹಾಕಿಕೊಂಡು ಉರುಳಿ ಹೋಗುತ್ತದೆ. ನೇರವಾಗಿ ಜಾರಿದರೂ ದೂರ ಹೋಗಲ್ಲ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಪಾಸ್ ಕೊಟ್ಟಿರಿ ಅಂದುಕೊಳ್ಳಿ. ಘರ್ಷಣೆಯ ಗುಣಾಂಕ (ನೆಲ ಎಷ್ಟು ಹಿಡಿದೆಳೆಯುತ್ತದೆ ಅನ್ನುವ ಸಂಖ್ಯೆ) 0.7 ಇದ್ದರೆ 7 ಮೀಟರ್ ದಾಟುವಷ್ಟರಲ್ಲಿ ನಿಂತುಬಿಡುತ್ತದೆ. ಅದೇ 0.3 ಇದ್ದರೆ 17 ಮೀಟರ್ ಹೋಗುತ್ತದೆ. ರಬ್ಬರಿಗೂ ಡಾಂಬರಿಗೂ ಮೊದಲನೆಯ ಲೆಕ್ಕ ಅನ್ವಯಿಸುತ್ತದೆ, ಒಳ್ಳೆಯ ಪ್ಲಾಸ್ಟಿಕ್ ಕಾಲಿಗೆ ಎರಡನೆಯದರ ಆಸುಪಾಸು. ಈ ವ್ಯತ್ಯಾಸದಲ್ಲೇ ಆಟ ಆಟವಾಗುತ್ತದೋ ಗುದ್ದಾಟವಾಗುತ್ತದೋ ಅನ್ನೋದು ನಿಂತಿದೆ.

ಇನ್ನು ಮಗುಚುವ ವಿಚಾರ. ಪಕ್ ಅಂಚಿಗೆ ಏಳುವುದಕ್ಕೆ ರಸ್ತೆಯ ಘರ್ಷಣೆಯೇ ಕಾರಣ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ತ್ರಿಜ್ಯ 38 ಮಿಲಿಮೀಟರ್, ಪಕ್‌ನ ಭಾರದ ಕೇಂದ್ರ ನೆಲದಿಂದ 12.7 ಮಿಲಿಮೀಟರ್ ಎತ್ತರ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸುಮಾರು 3 ಬರುತ್ತದೆ. ಅಂದರೆ ಘರ್ಷಣೆ ಗುಣಾಂಕ 3 ದಾಟಿದರೆ ಮಾತ್ರ ಸಪಾಟಾದ ನೆಲದಲ್ಲಿ ಬಿಲ್ಲೆ ತಾನಾಗಿ ಮಗುಚೀತು. ರಸ್ತೆಯಲ್ಲಿ ಅಷ್ಟು ಘರ್ಷಣೆ ಇರಲ್ಲ. ನಿಜವಾದ ಕಳ್ಳ ಅಂದರೆ ಎದ್ದು ನಿಂತ ಜಲ್ಲಿ, ಬಿರುಕು, ಮರಳಿನ ಹರಳು. ಮುಂದಿನ ಅಂಚು ಅದಕ್ಕೆ ತಗುಲಿತು ಅಂದರೆ ಹಿಂದಿನ ಅಂಚು ಮೇಲೆದ್ದಂತೆಯೇ. ಹಾಗಾಗಿ ಪಕ್‌ನ ವಿನ್ಯಾಸ ಮಾಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇದು ಎಷ್ಟು ಚೆನ್ನಾಗಿ ಜಾರುತ್ತದೆ ಅನ್ನೋದಲ್ಲ, ಕಲ್ಲಿಗೆ ಸಿಕ್ಕಿಕೊಂಡಾಗ ಏನಾಗುತ್ತದೆ ಅನ್ನೋದು.

ಈ ಪಕ್ ಗೆಲ್ಲುವುದು ಇಲ್ಲೇ, ಕಾಲಿನ ಆಕಾರದಲ್ಲಿ. ಒಂದೊಂದು ಕಾಲಿನ ತಲೆಯೂ ಸುಮಾರು 10 ಮಿಲಿಮೀಟರ್ ಅಗಲ, ಬಿಲ್ಲೆಯ ಮುಖದಿಂದ ಒಂದೂವರೆ ಮಿಲಿಮೀಟರ್‌ನಷ್ಟು ಎದ್ದಿದೆ. ಅಂಚು ಎಲ್ಲೂ ಚೂಪಿಲ್ಲ, ಪೂರ್ತಿ ಗುಮ್ಮಟ. ಬೆರಳು ಆಡಿಸಿದರೆ ಬಿಲ್ಲೆಯಿಂದ ಕಾಲಿಗೆ ಹತ್ತುವ ಜಾಗ ಗೊತ್ತೇ ಆಗಲ್ಲ, ಅಷ್ಟು ನಯವಾಗಿ ಏರುತ್ತದೆ. ಅಗ್ಗದ ಪಕ್‌ಗಳಲ್ಲಿ ಕಾಲು ಸಣ್ಣ ಮೊಳೆಯ ತಲೆಯ ಹಾಗೆ ಇರುತ್ತದೆ, ಬದಿ ನೆಟ್ಟಗೆ, ಮೇಲೆ ಚಪ್ಪಟೆ. ರಸ್ತೆಯ ಮೇಲ್ಪದರದಲ್ಲಿ ಎರಡು ಜಲ್ಲಿಗಳ ನಡುವೆ ಇರುವ ಸಂದಿಗಿಂತ ಕಾಲು ಸಣ್ಣದಾದರೆ ಅದರೊಳಗೆ ಇಳಿಯುತ್ತದೆ, ಇಳಿದಾಗ ನೆಟ್ಟಗಿರುವ ಬದಿ ಹೋಗಿ ಕಲ್ಲಿಗೆ ಗುದ್ದುತ್ತದೆ. ಅಗಲವಾದ ಗುಮ್ಮಟ ಸಂದಿಯನ್ನು ದಾಟಿಕೊಂಡು ಹೋಗುತ್ತದೆ, ಕಲ್ಲು ಎದುರಾದರೆ ಅದರ ಮೇಲೆ ಹತ್ತಿ ಇಳಿಯುತ್ತದೆ. ಪಕ್ ಕಿವಿಗೆ ಹತ್ತಿರ ಹಾದುಹೋದರೆ ಈ ವ್ಯತ್ಯಾಸ ಕೇಳಿಸುತ್ತದೆ ಕೂಡ. ಅಗ್ಗದ್ದು ಕಟಕಟ ಅನ್ನುತ್ತದೆ, ಇದು ಸರ್ರ್ ಅಂತ ಒಂದೇ ಸ್ವರದಲ್ಲಿ ಹೋಗುತ್ತದೆ.

ಕಾಲು ಎಷ್ಟಿರಬೇಕು? ಮೂರು ಸಾಕು ಅನ್ನುವ ವಾದ ಇದೆ, ಮೂರು ಕಾಲಿನದು ಯಾವ ನೆಲದ ಮೇಲಾದರೂ ಅಲ್ಲಾಡದೆ ಕೂರುತ್ತದೆ ಅನ್ನೋದು ನಿಜ. ಆದರೆ ಪಕ್ ಕೂರುವ ವಸ್ತು ಅಲ್ಲ, ಓಡುವ ವಸ್ತು. ಕಾಲುಗಳು ಮಧ್ಯದಿಂದ 30 ಮಿಲಿಮೀಟರ್ ದೂರದಲ್ಲಿವೆ ಅಂದುಕೊಳ್ಳಿ. ಮೂರೇ ಇದ್ದರೆ, ಎರಡು ಕಾಲಿನ ನಡುವಿನ ಗೆರೆ ಮಧ್ಯದಿಂದ ಬರೀ 15 ಮಿಲಿಮೀಟರ್ ದೂರ, ಆ ಕಡೆಗೆ ತಿರುಗಿದ್ದಾಗ ಪೆಟ್ಟು ಬಿದ್ದರೆ ಸಲೀಸಾಗಿ ಮಗುಚುತ್ತದೆ. ಆರು ಇದ್ದರೆ ಆ ದೂರ 26 ಮಿಲಿಮೀಟರ್ ಆಗುತ್ತದೆ. ಮಗುಚುವುದು ಅಷ್ಟರಮಟ್ಟಿಗೆ ಕಷ್ಟ. ಆರಕ್ಕಿಂತ ಜಾಸ್ತಿ ಹಾಕಿದರೆ ಲಾಭ ಬಹಳ ಇಲ್ಲ, ಬದಲಿಸುವ ಕೆಲಸ ಜಾಸ್ತಿ ಅಷ್ಟೇ. ನನ್ನ ಮಟ್ಟಿಗೆ ಆರು ಸರಿಯಾದ ಲೆಕ್ಕ.

ಬಿಲ್ಲೆಯ ವಿಚಾರಕ್ಕೆ ಬರೋಣ. ಇದು ಮಾಮೂಲಿ ಪಾಲಿಥಿಲೀನ್ ಅಲ್ಲ, ಯುಎಚ್‌ಎಂಡಬ್ಲ್ಯು ಅನ್ನುವ ಜಾತಿ. ಇದರ ಅಣುಸರಪಳಿಗಳು ವಿಪರೀತ ಉದ್ದ, ಅದಕ್ಕೇ ಉಜ್ಜಿದರೆ ಸವೆಯುವುದು ತೀರಾ ನಿಧಾನ, ಪೆಟ್ಟಿಗೆ ಒಡೆಯುವುದೂ ಅಪರೂಪ. ಸ್ಕೀ ಹಲಗೆಯ ತಳಕ್ಕೆ, ಕೃತಕ ಸೊಂಟದ ಕೀಲಿನ ಬಟ್ಟಲಿಗೆ, ಸ್ಕೇಟಿಂಗ್ ಮಾಡುವ ಕೃತಕ ಐಸ್ ಹಲಗೆಗಳಿಗೆ ಇದನ್ನೇ ಬಳಸುತ್ತಾರೆ. ಇದಕ್ಕೆ ದುಡ್ಡು ಯಾಕೆ ಜಾಸ್ತಿ ಅಂದರೆ, ಕರಗಿಸಿದರೂ ಇದು ಹರಿಯಲ್ಲ. ಬೇರೆ ಪ್ಲಾಸ್ಟಿಕ್ ಹಾಗೆ ಅಚ್ಚಿಗೆ ಚುಚ್ಚಿ ಕ್ಷಣದಲ್ಲಿ ತೆಗೆಯಲು ಬರಲ್ಲ. ಒತ್ತಿ ಗಟ್ಟಿಮಾಡಿದ ಹಲಗೆ ಅಥವಾ ಸರಳನ್ನು ಲೇತ್‌ನಲ್ಲಿ ಕಡೆಯಬೇಕು. ಅಗ್ಗದ ಪಕ್‌ಗಳು ಪೊಳ್ಳಾಗಿರುವುದು, ಎರಡು ಚಿಪ್ಪು ಸೇರಿಸಿ ಮಾಡಿರುವುದು ಯಾಕೆ ಅಂದರೆ ಅಚ್ಚಿನಲ್ಲಿ ಬೇಗ ತೆಗೆಯಬಹುದು ಅಂತ. ತಪ್ಪೇನಿಲ್ಲ, ಮಕ್ಕಳು ಸಂಜೆ ಮೆಲ್ಲಗೆ ತಳ್ಳಾಡಲು ಅದು ಸಾಕು. ಆದರೆ ಸ್ಲ್ಯಾಪ್ ಶಾಟ್, ಅಂದರೆ ಸ್ಟಿಕ್ ಹಿಂದಕ್ಕೆತ್ತಿ ಬೀಸಿ ಜೋರಾಗಿ ಹೊಡೆಯುವವರಿಗೆ ಅದು ಸಾಕಾಗಲ್ಲ.

ಪೊಳ್ಳು ಪಕ್ ಎಲ್ಲಿ ಮುರಿಯುತ್ತದೆ ಗೊತ್ತಾ? ಬಹುತೇಕ ಯಾವಾಗಲೂ ಒಂದೇ ಜಾಗದಲ್ಲಿ, ಕಾಲಿನ ಕುತ್ತಿಗೆಯಲ್ಲಿ. ನನ್ನ ಬಳಿ ಒಂದು ಮುರಿದದ್ದು ಇದೆ, ತಯಾರಿಸಿದವರ ಹೆಸರು ಬೇಡ. ಕಾಲು ಚಿಪ್ಪಿಗೆ ಸೇರುವ ಮೂಲೆ ನೆಟ್ಟಗೆ 90 ಡಿಗ್ರಿ. ಅಲ್ಲಿಂದ ಕೂದಲೆಳೆಯಂಥ ಬಿಳಿ ಗೆರೆ ಶುರುವಾಗಿ ಪಕ್ಕದ ಕಾಲಿನ ಮೂಲೆಗೆ ಹೋಗಿ ಸೇರಿದೆ, ಅಲ್ಲಿಂದ ಮುಂದಿನದಕ್ಕೆ. ಕೊನೆಗೆ ಮುಖದ ಒಂದು ತುಂಡು ಮುಚ್ಚಳ ಬಿಚ್ಚಿದ ರೀತಿಯಲ್ಲಿ ಎದ್ದು ಬಂದಿದೆ. ಚೂಪು ಒಳಮೂಲೆಯಲ್ಲಿ ಒತ್ತಡ ಒಟ್ಟಾಗುತ್ತದೆ, ಇದು ಯಂತ್ರದ ಕೆಲಸ ಮಾಡುವ ಯಾರಿಗಾದರೂ ಗೊತ್ತು. ಅಲ್ಲಿ ಒಂದೇ ಒಂದು ಮಿಲಿಮೀಟರ್ ತ್ರಿಜ್ಯದ ಗುಂಡು ಕೊಟ್ಟಿದ್ದರೂ ಅದರ ಆಯಸ್ಸು ಎಷ್ಟೋ ಬೆಳೆಯುತ್ತಿತ್ತು. ಹೆಚ್ಚಿಗೆ ಖರ್ಚೂ ಇಲ್ಲ, ಅಚ್ಚು ಮಾಡುವಾಗ ಯೋಚಿಸಿದ್ದರೆ ಸಾಕಿತ್ತು. ಇಂಥದ್ದು ನೋಡಿದಾಗ ನನಗೆ ಬೇಜಾರಾಗುತ್ತದೆ. ಎಷ್ಟು ಪ್ಲಾಸ್ಟಿಕ್ ಸುಮ್ನೆ ಕಸಕ್ಕೆ ಹೋಗುತ್ತಿದೆ ಅಲ್ವಾ?

ನಾನು ಹೊಗಳುತ್ತಿರುವ ಪಕ್‌ನಲ್ಲಿ ಆ ಕುತ್ತಿಗೆಯೇ ಇಲ್ಲ. ಕಾಲು ಬೇರೆ, ಬಿಲ್ಲೆ ಬೇರೆ. ಕಾಲಿಗೆ ಒಂದು ದಪ್ಪ ಕಾಂಡ, ಅದರ ಸುತ್ತ ಸಣ್ಣ ಸಣ್ಣ ಏಣು. ಬಿಲ್ಲೆಯ ರಂಧ್ರಕ್ಕೆ ಇಟ್ಟು ಮರದ ಸುತ್ತಿಗೆಯಲ್ಲಿ ಎರಡು ಏಟು ಹಾಕಿದರೆ ಕೂರುತ್ತದೆ. ತೆಗೆಯುವಾಗ ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಾ ಎಳೆಯಬೇಕು. ಅಂಟು ಹಾಕಿಲ್ಲ, ಹಾಕಿದರೂ ಹಿಡಿಯಲ್ಲ, ಪಾಲಿಥಿಲೀನ್‌ಗೆ ಮಾಮೂಲಿ ಅಂಟು ಯಾವುದೂ ಕಚ್ಚುವುದಿಲ್ಲ. ಸಡಿಲವಾದ ಕಾಲಿಗೆ ಅಂಟು ಸುರಿಯಬೇಡಿ ಅಂತ ಅದಕ್ಕೇ ಹೇಳುವುದು. ಸ್ವಲ್ಪ ಹೊತ್ತು ಹಿಡಿದ ಹಾಗೆ ಕಾಣುತ್ತದೆ, ಮೊದಲ ಜೋರು ಶಾಟ್‌ಗೆ ಕಾಲು ಹಾರಿಹೋಗುತ್ತದೆ.

ಕಾಲು ನೈಲಾನ್‌ದು ಆಗಿರುವುದಕ್ಕೂ ಕಾರಣ ಇದೆ. ಬಿಲ್ಲೆಯನ್ನೇ ನೇರವಾಗಿ ರಸ್ತೆಗೆ ಉಜ್ಜಲು ಬಿಟ್ಟರೆ ಏನು ಅಂತ ಕೇಳಬಹುದು. ಜಾರುವುದೇನೋ ಜಾರುತ್ತದೆ. ಆದರೆ ಪಾಲಿಥಿಲೀನ್ ಮೆತ್ತನೆಯದು, ಮರಳಿನ ಹರಳು ಅದರೊಳಗೆ ಹೂತು ಕೂರುತ್ತದೆ, ಆಮೇಲೆ ಪಕ್ ತನ್ನ ಹೊಟ್ಟೆಯಲ್ಲೇ ಉಪ್ಪುಕಾಗದ ಕಟ್ಟಿಕೊಂಡು ಓಡಿದಂತೆ. ನೈಲಾನ್ ಅದಕ್ಕಿಂತ ಗಟ್ಟಿ. ಇದಕ್ಕೊಂದು ವಿಶೇಷ ಗುಣ ಉಂಟು, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಹೀರಿದ ನೈಲಾನ್ ಪೆಟ್ಟನ್ನು ಚೆನ್ನಾಗಿ ತಡೆಯುತ್ತದೆ, ಒಣಕಲು ನೈಲಾನ್ ಸುಲಭವಾಗಿ ಚಕ್ಕೆ ಏಳುತ್ತದೆ. ಹೊಸ ಕಾಲುಗಳನ್ನು ಕೂರಿಸುವ ಮುಂಚೆ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿಡಿ. ನಾನು ಹಾಗೇ ಮಾಡುವುದು. ಅಸಿಟಾಲ್ ಅನ್ನುವ ಇನ್ನೊಂದು ಗಟ್ಟಿ ಪ್ಲಾಸ್ಟಿಕ್‌ನ ಕಾಲುಗಳೂ ಬರುತ್ತವೆ, ಅವು ಇನ್ನೂ ಚೆನ್ನಾಗಿ ಜಾರುತ್ತವೆ, ಆದರೆ ಒಂದು ಗೀರು ಬಿದ್ದರೆ ಅಲ್ಲಿಂದಲೇ ಒಡೆಯುವ ಸ್ವಭಾವ ಅವಕ್ಕಿದೆ. ಟೈಲ್ಸ್ ಹಾಕಿದ ಕೋರ್ಟ್‌ಗೆ ಅಸಿಟಾಲ್, ಡಾಂಬರಿಗೆ ನೈಲಾನ್. ಇದು ನನ್ನ ಅಭಿಪ್ರಾಯ.

ಕಾಲು ಯಾವಾಗ ಬದಲಿಸಬೇಕು ಅಂತ ಗೊತ್ತಾಗುವುದು ಸುಲಭ. ಗುಮ್ಮಟದ ತುದಿಯಲ್ಲಿ ಮೊದಲು ಒಂದು ಚಿಕ್ಕ ಚಪ್ಪಟೆ ವೃತ್ತ ಮೂಡುತ್ತದೆ, ಅದರ ತುಂಬ ಅಡ್ಡಾದಿಡ್ಡಿ ಗೀರು. ಆಡುತ್ತಾ ಹೋದಂತೆ ಆ ವೃತ್ತ ಅಗಲವಾಗುತ್ತದೆ. ಅದು ಕಾಲಿನ ಅಗಲದಷ್ಟೇ ಆಯಿತು ಅಂದರೆ ಗುಮ್ಮಟ ಮುಗಿಯಿತು, ಅಂಚು ಚೂಪಾಯಿತು, ಇನ್ನು ಕಲ್ಲಿಗೆ ಸಿಕ್ಕಿಕೊಳ್ಳಲು ಶುರು. ಆಗಲೇ ಬದಲಿಸಿ, ಬಿಲ್ಲೆ ನೆಲಕ್ಕೆ ತಾಗುವ ತನಕ ಕಾಯಬೇಡಿ. ಆರೂ ಒಟ್ಟಿಗೆ ಬದಲಿಸಬೇಕು. ಒಂದೆರಡು ಹೊಸದು, ಉಳಿದದ್ದು ಹಳೆಯದು ಆದರೆ ಪಕ್ ಓರೆಯಾಗಿ ಕೂರುತ್ತದೆ. ಗಾಜಿನ ಮೇಲಿಟ್ಟು ಅಂಚನ್ನು ಬೆರಳಲ್ಲಿ ಒತ್ತಿ ನೋಡಿ, ಟಕ್ ಟಕ್ ಅಂದರೆ ಯಾವುದೋ ಒಂದು ಕಾಲು ಎತ್ತರ ಇದೆ ಅಂತ ಅರ್ಥ.

ತೂಕದ ಬಗ್ಗೆ ಜನ ತುಂಬ ಜಗಳ ಆಡುತ್ತಾರೆ. 3 ಇಂಚು ಅಗಲ 1 ಇಂಚು ದಪ್ಪದ ಬಿಲ್ಲೆಯ ಗಾತ್ರ ಸುಮಾರು 116 ಘನ ಸೆಂಟಿಮೀಟರ್. ಪಾಲಿಥಿಲೀನ್ ನೀರಿಗಿಂತ ಹಗುರ, ಘನ ಸೆಂಟಿಮೀಟರಿಗೆ 0.94 ಗ್ರಾಂ. ಗುಣಿಸಿದರೆ 109 ಗ್ರಾಂ. ನನ್ನ ಪಕ್ ಹೆಚ್ಚು ಕಡಿಮೆ ಅಷ್ಟೇ ತೂಗುತ್ತದೆ. ರಬ್ಬರ್ ಪಕ್‌ಗೆ ಹೋಲಿಸಿದರೆ ಮೂರನೇ ಒಂದು ಭಾಗ ಕಡಿಮೆ. ಐಸ್ ಮೇಲೆ ಆಡುವವರು ಬೇಸಿಗೆಯಲ್ಲಿ ಅಭ್ಯಾಸಕ್ಕೆ ತಗೊಂಡರೆ ಮೊದಮೊದಲು ಕೈಗೆ ಖಾಲಿ ಖಾಲಿ ಅನ್ನಿಸುತ್ತದೆ, ಇದನ್ನು ಮುಚ್ಚಿಡಲ್ಲ. ಆದರೆ ರಸ್ತೆಯಲ್ಲಿ ಹಗುರ ಇರುವುದೇ ಒಳ್ಳೆಯದು. ಮೈತುಂಬ ರಕ್ಷಣೆ ಕಟ್ಟಿಕೊಂಡು ರಸ್ತೆಗೆ ಬರುವವರು ಕಡಿಮೆ. 170 ಗ್ರಾಂ ರಬ್ಬರ್ ಹೋಗಿ ಬರಿ ಮೊಣಕಾಲ ಕೆಳಗೆ ಬಿದ್ದರೆ ಆಟ ಅಲ್ಲಿಗೇ ಮುಗಿಯಿತು. ಹಗುರದ್ದಾದರೂ ಗೋಲು ಕಾಯುವವರ ಮುಖಕ್ಕೆ ಜಾಲರಿ ಬೇಕೇ ಬೇಕು. ಗಟ್ಟಿ ಬಿಲ್ಲೆ ಚೆಂಡಿನ ಹಾಗೆ ತಗ್ಗಿ ಕೊಡುವುದಿಲ್ಲ.

ತೂಕ ಕೂಡಿಸಲು ಕೆಲವರು ಒಳಗೆ ಲೋಹದ ಬಳೆ ಕೂರಿಸುತ್ತಾರೆ. ಐಡಿಯಾ ಕೆಟ್ಟದ್ದಲ್ಲ. ಭಾರ ಅಂಚಿನಲ್ಲಿದ್ದಷ್ಟೂ ತಿರುಗುವ ಪಕ್ ತನ್ನ ಸಮತಲ ಬಿಡದೆ ಹೋಗುತ್ತದೆ, ಒಂದೇ ತೂಕದ ಬಿಲ್ಲೆಗಿಂತ ಬಳೆಗೆ ಆ ಗುಣ ಎರಡರಷ್ಟು. ಮಣಿಕಟ್ಟು ತಿರುಗಿಸಿ ಹೊಡೆಯುವ ರಿಸ್ಟ್ ಶಾಟ್‌ನಲ್ಲಿ ಬ್ಲೇಡ್ (ಸ್ಟಿಕ್‌ನ ಚಪ್ಪಟೆ ತುದಿ) ಮೇಲೆ ಉರುಳಿಸಿ ಬಿಟ್ಟಾಗ ಅದು ಚೆನ್ನಾಗಿ ಗೊತ್ತಾಗುತ್ತದೆ. ಆದರೂ ನನಗೆ ಬೇಡ. ಪಾಲಿಥಿಲೀನ್ ಬಿಸಿಗೆ ಉಕ್ಕಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಬಿಸಿಲಿಗೆ ಬಿದ್ದ ಡಾಂಬರು 60 ಡಿಗ್ರಿ ಸೆಲ್ಸಿಯಸ್ ತನಕ ಕಾಯುತ್ತದೆ. 40 ಡಿಗ್ರಿ ವ್ಯತ್ಯಾಸಕ್ಕೆ ನಮ್ಮ ಬಿಲ್ಲೆ ಅಡ್ಡಗಲದಲ್ಲಿ ಅರ್ಧ ಮಿಲಿಮೀಟರ್ ಹತ್ತಿರ ಹಿಗ್ಗುತ್ತದೆ, ಉಕ್ಕಿನ ಬಳೆ ಅಷ್ಟು ಹಿಗ್ಗಲ್ಲ. ಒಳಗೆ ಸಡಿಲವಾಗಿ ಗಲಗಲ ಅನ್ನಲು ಶುರುವಾಗುತ್ತದೆ. ಅಕಸ್ಮಾತ್ ಬಿಲ್ಲೆ ಸೀಳಿದರೆ ಲೋಹ ಹಾರಿ ಬರುತ್ತದೆ ಅನ್ನೋದು ಇನ್ನೊಂದು ಭಯ. ಸ್ಕ್ರೂ ಹಾಕಿದ ಪಕ್‌ಗಳಿಗೂ ಇದೇ ತೊಂದರೆ, ಬಿಸಿಲಲ್ಲಿ ಸಡಿಲವಾಗುತ್ತವೆ, ಬಿಗಿ ಮಾಡಿದಷ್ಟೂ ಪ್ಲಾಸ್ಟಿಕ್ ಒತ್ತಡಕ್ಕೆ ಮೆಲ್ಲಗೆ ಜರುಗಿ ರಂಧ್ರ ದೊಡ್ಡದಾಗುತ್ತದೆ. ಉರುಳುವ ಬಾಲ್ ಬೇರಿಂಗ್ ಇರುವ ಪಕ್ ಬಗ್ಗೆ ಒಂದೇ ಮಾತು: ರಸ್ತೆಯ ಧೂಳು ಮರಳಿಗೆ ಅದು ಹೇಳಿದ್ದಲ್ಲ.

ಗ್ರೀನ್ ಬಿಸ್ಕೆಟ್ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಎರಡು ತುಂಡು ಸೇರಿಸಿ ಮಾಡಿದ ಹಸಿರು ಪಕ್ ಅದು. ಒರಟು ನೆಲದಲ್ಲೂ ಮಗುಚದೆ ಜಾರುವುದರಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ, ಆ ಹೆಸರು ಸುಳ್ಳಲ್ಲ. ಆದರೆ ಅದು ಇರುವುದು ಪಾಸ್ ಮತ್ತು ಸ್ಟಿಕ್‌ಹ್ಯಾಂಡ್ಲಿಂಗ್ (ಸ್ಟಿಕ್‌ನಲ್ಲಿ ಪಕ್ ಆಡಿಸುವುದು) ಅಭ್ಯಾಸಕ್ಕೆ, ಜೋರಾಗಿ ಹೊಡೆಯುವುದಕ್ಕಲ್ಲ. ಶಾಟ್‌ಗೆ ಅಂತಲೇ ಅವರದೇ ಸ್ನೈಪ್ ಅನ್ನುವ ಬೇರೆ ಪಕ್ ಇದೆ. ಒಬ್ಬರೇ ನಿಂತು ಕೈ ಪಳಗಿಸಿಕೊಳ್ಳುವವರಾದರೆ ಅದನ್ನೇ ತಗೊಳ್ಳಿ, ನಾನು ಬೇಡ ಅನ್ನಲ್ಲ. ಪೂರ್ತಿ ಆಟಕ್ಕೆ, ಗೋಲು ಹೊಡೆದಾಟಕ್ಕೆ, ಒಂದೇ ತುಂಡಿನ ಬಿಲ್ಲೆ ವಾಸಿ.

ಇನ್ನು ಚೆಂಡು. ರಸ್ತೆ ತೀರಾ ಹಾಳಾಗಿದ್ದರೆ, ಗುಂಡಿ ಜಲ್ಲಿ ಜಾಸ್ತಿ ಇದ್ದರೆ, ಯಾವ ಪಕ್ಕೂ ಬೇಡ. ಕಿತ್ತಳೆ ಬಣ್ಣದ ಪುಟಿಯದ ಪಿವಿಸಿ ಚೆಂಡಿನಲ್ಲಿ ಆಡಿ. ಬಿಸಿ ಹವೆಗೆ ಗಟ್ಟಿಯದು, ಚಳಿಗೆ ಮೆತ್ತನೆಯದು ಅಂತ ಬೇರೆ ಬೇರೆ ಸಿಗುತ್ತವೆ, ಚಳಿಯಲ್ಲಿ ಪಿವಿಸಿ ಪೆಡಸಾಗುತ್ತದೆ ಅನ್ನೋದೇ ಅದಕ್ಕೆ ಕಾರಣ.

ಈಗ ಹೋದ ಒಂದು ಅಂಕದ ಲೆಕ್ಕ. ಮೊದಲನೆಯದು ಅಂಚು. ಐಸ್ ಪಕ್‌ನ ಬದಿಯಲ್ಲಿ ವಜ್ರಾಕಾರದ ಗೀರುಗಳಿರುತ್ತವೆ, ಬ್ಲೇಡಿಗೆ ಸುತ್ತಿದ ಟೇಪ್ ಅದನ್ನು ಹಿಡಿಯುತ್ತದೆ. ಇದರಲ್ಲೂ ಲೇತ್‌ನಲ್ಲಿ ಹಾಗೆ ಗೀರು ಹಾಕಿದ್ದಾರೆ, ಆದರೆ ಮೆತ್ತನೆಯ ಪಾಲಿಥಿಲೀನ್‌ನಲ್ಲಿ ಅವು ಬೇಗ ನುಣುಪಾಗುತ್ತವೆ. ಆಮೇಲೆ ಶಾಟ್ ಹೊಡೆಯುವಾಗ ಪಕ್ ಬ್ಲೇಡಿನಿಂದ ಜಾರಿದಂತೆ ಆಗುತ್ತದೆ. ಜೊತೆಗೆ ಕಲ್ಲಿಗೆ ಬಡಿದ ಕಡೆ ಪ್ಲಾಸ್ಟಿಕ್ ಒಡೆಯದೆ ಸುಳಿಸುಳಿಯಾಗಿ ಎದ್ದು ನಿಲ್ಲುತ್ತದೆ. ಅದು ಟೇಪನ್ನು ಕತ್ತರಿಸುತ್ತದೆ, ಬರಿಗೈಗೂ ಚುಚ್ಚುತ್ತದೆ. ಹರಿತವಾದ ಚಾಕುವಿನಲ್ಲಿ ಆಗಾಗ ಸವರುತ್ತಿರಬೇಕು. ಉಪ್ಪುಕಾಗದ ಹಾಕಿದರೆ ಇನ್ನೂ ಜಾಸ್ತಿ ನಾರು ಏಳುತ್ತದೆ. ಅಂಚನ್ನು ಒಂದೂವರೆ ಮಿಲಿಮೀಟರಿನಷ್ಟು ಗುಂಡಾಗಿ ಕಡೆದಿದ್ದರೆ ಈ ತಲೆನೋವು ಅರ್ಧ ಕಡಿಮೆಯಾಗುತ್ತಿತ್ತು.

ಎರಡನೆಯದು ಬಣ್ಣ. ಕಪ್ಪು ಪಾಲಿಥಿಲೀನ್‌ಗೆ ಸೇರಿಸುವ ಇಂಗಾಲದ ಪುಡಿ ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುತ್ತದೆ, ಹಾಗಾಗಿ ಕಪ್ಪು ಬಿಲ್ಲೆ ಬಾಳಿಕೆ ಬರುತ್ತದೆ. ಆದರೆ ಕಪ್ಪು ರಸ್ತೆಯಲ್ಲಿ ಕಪ್ಪು ಪಕ್ ಸಂಜೆಯಾದರೆ ಕಾಣಿಸಲ್ಲ. ಕಿತ್ತಳೆ ಬಣ್ಣದ್ದು ಚೆನ್ನಾಗಿ ಕಾಣುತ್ತದೆ, ಅದನ್ನೇ ನಾನು ಶಿಫಾರಸು ಮಾಡುವುದು, ಆದರೆ ಆಟ ಮುಗಿದ ಮೇಲೆ ಚೀಲದೊಳಗೆ ಹಾಕಿಡಿ. ಬಿಸಿಲಲ್ಲಿ ಬಿಟ್ಟಿದ್ದರೆ ಕಾಲಕ್ರಮೇಣ ಮೇಲ್ಮೈ ಸುಣ್ಣದ ಬಣ್ಣಕ್ಕೆ ತಿರುಗಿ ಪೆಡಸಾಗುತ್ತದೆ. ಕಪ್ಪು ಬಿಲ್ಲೆಗೆ ಕಿತ್ತಳೆ ಕಾಲು ಹಾಕಿ ಮಾರಬಹುದಲ್ಲ ಅಂತ ನನಗೆ ಅನ್ನಿಸುತ್ತದೆ. ಪಕ್ ತಿರುಗುವಾಗ ಆ ಚುಕ್ಕೆಗಳು ಕಾಣುತ್ತವೆ, ಬಾಳಿಕೆಯೂ ಸಿಗುತ್ತದೆ.

ಮೂರನೆಯದು, ನನಗೆ ನಿಜಕ್ಕೂ ಸಿಟ್ಟು ಬಂದಿದ್ದು, ಬಿಡಿ ಕಾಲುಗಳು. ಪಕ್ ಜೊತೆ ಒಂದು ಸೆಟ್ ಕೊಡುತ್ತಾರೆ, ಆಮೇಲೆ ಬೇಕೆಂದರೆ ಅಂಗಡಿಯವರು ಪೂರ್ತಿ ಪಕ್ಕೇ ತಗೊಳ್ಳಿ ಅನ್ನುತ್ತಾರೆ. ಕಾಂಡದ ಅಳತೆಯನ್ನು ಪೊಟ್ಟಣದ ಮೇಲೆ ಎಲ್ಲೂ ಹಾಕಿಲ್ಲ. ಬದಲಿಸಬಹುದು ಅನ್ನುವುದೇ ಇದರ ದೊಡ್ಡ ಗುಣ ಆಗಿರುವಾಗ ಬದಲಿಸಲು ಬೇಕಾದ್ದನ್ನೇ ಕೊಡದಿದ್ದರೆ ಹೇಗೆ? ನಾನು ಕ್ಯಾಲಿಪರ್ ಇಟ್ಟು ಕಾಂಡ ಅಳೆದು, ನೈಲಾನ್ ಸರಳಿನಿಂದ ಲೇತ್‌ನಲ್ಲಿ ಕಡೆಸಿಕೊಂಡೆ. ಚೆನ್ನಾಗೇ ಕೂತಿವೆ. ಕಡೆಸುವುದಾದರೆ ಕಾಂಡವನ್ನು ರಂಧ್ರಕ್ಕಿಂತ ಕೂದಲೆಳೆಯಷ್ಟು ದಪ್ಪ ಇಡಲು ಹೇಳಿ, ಮತ್ತು ನೆನೆಸಿದ ಮೇಲೆ ನೈಲಾನ್ ಸ್ವಲ್ಪ ಉಬ್ಬುತ್ತದೆ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ. ಎಲ್ಲರಿಗೂ ಲೇತ್ ಕೈಗೆ ಸಿಗಲ್ಲ ಅನ್ನೋದು ಗೊತ್ತು. ಅದಕ್ಕೇ ಪಕ್ ಕೊಳ್ಳುವ ದಿನವೇ ಬಿಡಿ ಕಾಲು ಬೇರೆಯಾಗಿ ಸಿಗುತ್ತದಾ ಅಂತ ಕೇಳಿ, ಸಿಕ್ಕರೆ ಎರಡು ಸೆಟ್ ಜೊತೆಯಲ್ಲೇ ತಗೊಂಡುಬಿಡಿ. ಸಿಗಲ್ಲ ಅಂದರೆ ಅದೇ ವಿನ್ಯಾಸದ್ದನ್ನು ಬಿಡಿ ಕಾಲಿನ ಸಮೇತ ಕೊಡುವ ಬೇರೆಯವರ ಹತ್ತಿರ ಹೋಗಿ.